ಸಿಎಸ್‌ಟಿ ರೋಡಿನಲ್ಲಿ ಅಪ್ಪನ ಕಾರು

ಮುಂಬಯಿಗೆ ಹೊಸದಾಗಿ ಬಂದವರಿಗೆ ಸಿಎಸ್‌ಟಿ ರೋಡ್ ಎಂದರೆ ಬೋರಿಬಂದರಿನ ದೊಡ್ಡ ರೈಲು ನಿಲ್ದಾಣದ ಕಡೆ ಎಲ್ಲೋ ಇರಬೇಕು ಅನ್ನಿಸುತ್ತದೆ. ನಾನೂ ಹಾಗೇ ತಿಳಿದಿದ್ದೆ. ಆ ರಸ್ತೆ ಇರುವುದು ಕುರ್ಲಾ ಮತ್ತು ಕಲೀನಾ ನಡುವೆ. ಅದಕ್ಕೆ ಹೆಸರು ಬಂದಿದ್ದು ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇಯಿಂದ. ಟ್ರಾಂಬೆಯಿಂದ ಅಂಧೇರಿಗೆ 1928ರಲ್ಲಿ ಶುರುವಾದ ಆ ರೈಲುಮಾರ್ಗ 1934ರಲ್ಲೇ ಮುಚ್ಚಿಹೋಯಿತು. ಹಳಿ ಹೋಯಿತು, ಹೆಸರು ಉಳಿಯಿತು.

ಈಗ ಅಲ್ಲಿ ಕಾರುಗಳದ್ದೇ ದರ್ಬಾರು. ಸೀಟ್ ಕವರ್, ಗಾಜು, ಬಂಪರ್, ಹೆಡ್‌ಲೈಟ್, ಹಳೇ ಬಿಡಿಭಾಗ, ಎಲ್ಲಕ್ಕೂ ಅಂಗಡಿ. ಹತ್ತಿರದಲ್ಲೇ ಮಿಠಿ ನದಿ. ಕಲೀನಾ ಕಡೆ ಹೋದರೆ ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾನಗರಿ ಆವರಣ. ಅಲ್ಲಿಯ ಕನ್ನಡ ವಿಭಾಗದ ಕಾರ್ಯಕ್ರಮಗಳಿಗೆ ಹೋಗುವಾಗ ಎಷ್ಟೋ ಸಲ ಈ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಹಾರ್ನ್ ಒತ್ತಿದ್ದೇನೆ. ಇಳಿದು ನಿಂತಿದ್ದು ಮಾತ್ರ ಕಳೆದ ಫೆಬ್ರವರಿಯಲ್ಲಿ, ಅಪ್ಪನ ಕಾರಿನ ಸಲುವಾಗಿ.

ಕಾರು 2011ರದ್ದು, ಕಡು ನೀಲಿ ಬಣ್ಣ. ಅಪ್ಪ ನಿವೃತ್ತಿಯಾದ ವರ್ಷ ಧಾರವಾಡದಲ್ಲಿ ಕೊಂಡಿದ್ದು. ಸಪ್ತಾಪುರದ ಮನೆಯಂಗಳದಲ್ಲಿ ಪ್ರತಿ ಭಾನುವಾರ ಅದಕ್ಕೆ ಸ್ನಾನ. ಮೊದಲು ಪೈಪಿನಲ್ಲಿ ನೀರು ಬಿಟ್ಟು ಕೆಮ್ಮಣ್ಣಿನ ಧೂಳೆಲ್ಲ ಇಳಿಸಬೇಕು, ಆಮೇಲಷ್ಟೇ ಬಟ್ಟೆ. ಒಣ ಬಟ್ಟೆಯಲ್ಲಿ ಧೂಳು ಒರೆಸಲು ಹೋದವರಿಗೆ ಬೈಗುಳ ಖಾತ್ರಿ. ಎರಡು ವರ್ಷದ ಹಿಂದೆ ಒಂದು ಸಂಜೆ ಗೇಟಿನೊಳಗೆ ಕಾರು ತರುವಾಗ ಎಡಗಡೆಯ ಮುಂದಿನ ಬಾಗಿಲು ಕಂಬಕ್ಕೆ ಒರೆಸಿಕೊಂಡಿತು. ಗೇಣುದ್ದದ ಗೀರು. ಮರುದಿನ ಅಪ್ಪ ಕೀಲಿಕೈಯನ್ನು ದೇವರ ಗೂಡಿನ ಪಕ್ಕ ಇಟ್ಟು, "ನೀ ಒಯ್ಯೋ ಇದನ್ನ" ಅಂದರು. ಬೆಳಗಾವಿ, ಕೊಲ್ಹಾಪುರ, ಸಾತಾರ, ಪುಣೆ ದಾಟಿ ಕಾರನ್ನು ಚೆಂಬೂರಿಗೆ ತಂದೆ. ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟರೆ ನೋಂದಣಿ ಬದಲಿಸಬೇಕಲ್ಲ, ಹಾಗಾಗಿ ಕೆಎ-25 ಹೋಗಿ ಎಂಎಚ್-03 ಬಂತು. ಅಪ್ಪನಿಗೆ ಹೇಳಿದಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಈಗ ಅಪ್ಪ ಕಣ್ಣಿನ ಪೊರೆ ತೆಗೆಸಲು ಮುಂಬಯಿಗೆ ಬರುವವರಿದ್ದರು. ಮೊದಲ ಬಾರಿಗೆ ಕಾರನ್ನು ಅವರ ಕಣ್ಣಿನಿಂದ ನೋಡಿದೆ. ಬಾನೆಟ್ ಮೇಲೆ ಪಾರಿವಾಳದ ಹಿಕ್ಕೆಯ ಕಲೆಗಳು. ಪಕ್ಕದ ಕಟ್ಟಡದ ಸಿಮೆಂಟ್ ಧೂಳು. ಬಿಸಿಲಲ್ಲಿ ನಿಲ್ಲಿಸಿದರೆ ಇಡೀ ಮೈಮೇಲೆ ಜೇಡರ ಬಲೆ ಹರಡಿದಂತೆ ಸುತ್ತು ಸುತ್ತು ಗೀರುಗಳು. ನೀಲಿ ಬಣ್ಣ ಬೂದಿ ಬಳಿದಂತೆ ಮಂಕಾಗಿತ್ತು. ಆಪರೇಷನ್ ಆದಮೇಲೆ ಅಪ್ಪನಿಗೆ ಚೆನ್ನಾಗಿ ಕಾಣುವ ಮೊದಲ ವಸ್ತುಗಳಲ್ಲಿ ಇದೂ ಒಂದಾಗುತ್ತದಲ್ಲ ಎಂದು ನನಗೆ ಹೆದರಿಕೆ ಹತ್ತಿತು.

ಗೆಳೆಯನೊಬ್ಬ ತೋರಿಸಿದ ಗ್ಯಾರೇಜು ಸಿಎಸ್‌ಟಿ ರೋಡಿನಿಂದ ಒಳಗೆ, ಎರಡು ಕಾರು ಹಿಡಿಯುವಷ್ಟು ಜಾಗ. ಅಲ್ಲಿಯ ಉಸ್ತಾದರಿಗೆ ಐವತ್ತರ ಆಸುಪಾಸು. ಬೆಲೆ ಹೇಳುವ ಮೊದಲು ಕಾರನ್ನು ಎರಡು ಸುತ್ತು ಸುತ್ತಿದರು. ಬಾಗಿಲ ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆದರು. ಉಗುರು ಸಿಕ್ಕಿಕೊಂಡಿತು. "ಇದು ಪಾಲಿಶಿನಲ್ಲಿ ಹೋಗಲ್ಲ ಸಾಹೇಬ್. ಉಗುರು ನಿಂತರೆ ಗೀರು ಆಳ. ಡೆಂಟಿಂಗ್-ಪೇಂಟಿಂಗ್‌ನವರ ಕೆಲಸ. ಉಳಿದಿದ್ದನ್ನು ನೋಡೋಣ."

ಕಾರಿನ ಬಣ್ಣ ಒಂದೇ ಪದರ ಎಂದು ನಾನು ತಿಳಿದಿದ್ದೆ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಹೊಳಪು ಬರುವುದು ಅದರಿಂದ. ಕಂಪನಿಯಿಂದ ಬರುವಾಗ ಇದೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅಂದರೆ ಬರೆಯುವ ಹಾಳೆಯಷ್ಟು ದಪ್ಪ, ಅಥವಾ ಸ್ವಲ್ಪ ಹೆಚ್ಚು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40-50 ಮೈಕ್ರಾನ್. ಸಣ್ಣ ಗೀರುಗಳೆಲ್ಲ ಇರುವುದು ಈ ಪದರದಲ್ಲಿ. ಬೆಳಕು ಅವುಗಳ ಅಂಚಿಗೆ ಬಡಿದು ಚದುರುವುದರಿಂದ ಬಣ್ಣ ಮಂಕಾಗಿ ಕಾಣುತ್ತದೆ. ಪಾಲಿಶ್ ಎಂದರೆ ಗೀರು ತುಂಬುತ್ತಾರೆ ಎಂದುಕೊಂಡಿದ್ದೆ. ಉಸ್ತಾದರು ನಕ್ಕರು. "ತುಂಬಲ್ಲ, ಸುತ್ತಲಿನದನ್ನು ಗೀರಿನ ತಳದವರೆಗೆ ಇಳಿಸ್ತೇವೆ. ಪ್ರತಿ ಪಾಲಿಶ್‌ಗೂ ಒಂದಿಷ್ಟು ಹೋಗುತ್ತೆ. ಹೋದದ್ದು ತಿರುಗಿ ಬರಲ್ಲ."

ಅದಕ್ಕೇ ಅವರು ಮೊದಲು ಅಳತೆ ಮಾಡುತ್ತಾರೆ. ಟಿವಿ ರಿಮೋಟಿನಂಥ ಒಂದು ಮೀಟರ್. ತಗಡಿಗೆ ಒತ್ತಿ ಹಿಡಿದರೆ ಬಣ್ಣದ ಒಟ್ಟು ದಪ್ಪ ತೋರಿಸುತ್ತದೆ. ಪ್ಲಾಸ್ಟಿಕ್ ಬಂಪರಿನ ಮೇಲೆ ಅದು ನಡೆಯುವುದಿಲ್ಲ. ಟಾಪು 115, ಬಲಗಡೆ ಬಾಗಿಲುಗಳು 110, 112. ಬಾನೆಟ್ 88. "ಇಲ್ಲಿ ಹಿಂದೆ ಯಾರೋ ಚೆನ್ನಾಗಿ ರಬ್ಬಿಂಗ್ ಮಾಡಿಸಿದ್ದಾರೆ" ಅಂದರು. ಅಪ್ಪ ಪ್ರತಿ ದೀಪಾವಳಿಗೆ ಹುಬ್ಬಳ್ಳಿಗೆ ಹೋಗಿ ಪಾಲಿಶ್ ಮಾಡಿಸುತ್ತಿದ್ದುದು ನೆನಪಾಯಿತು. ಪ್ರೀತಿಯಿಂದಲೇ ಬಾನೆಟ್ ಸವೆದಿತ್ತು.

ಎಡಗಡೆಯ ಹಿಂದಿನ ಬಾಗಿಲಿಗೆ ಮೀಟರ್ ಒತ್ತಿದಾಗ 264 ಬಂತು. ಇನ್ನೊಂದು ಕಡೆ ಒತ್ತಿದರು, 270. "ಇದು ಕಂಪನಿ ಪೇಂಟ್ ಅಲ್ಲ. ಆಮೇಲೆ ಹೊಡೆಸಿದ್ದು." ಸಾಧ್ಯವೇ ಇಲ್ಲ, ಒಂದೇ ಕೈಯಲ್ಲಿದ್ದ ಕಾರು, ಅಂದೆ. ಉಸ್ತಾದರು ವಾದ ಮಾಡಲಿಲ್ಲ. ಮೀಟರನ್ನು ನನ್ನ ಕೈಗೆ ಕೊಟ್ಟು, ನೀವೇ ನೋಡಿ ಅಂದರು.

ಕೆಲಸ ಒಂದೂವರೆ ದಿನ. ಶನಿವಾರ ಇಡೀ ದಿನ ಸ್ಟೂಲ್ ಹಾಕಿಕೊಂಡು ಅಲ್ಲೇ ಕೂತೆ. ಮೊದಲು ತೊಳೆದರು. ಆಮೇಲೆ ಕಣಕದಂಥ ಕ್ಲೇ ಉಂಡೆಯನ್ನು ಸೋಪಿನ ನೀರು ಚಿಮುಕಿಸಿ ಮೈಯೆಲ್ಲ ಉಜ್ಜಿದರು. ತೊಳೆದರೂ ಹೋಗದ ಸಿಮೆಂಟ್, ಕಬ್ಬಿಣದ ಕಣಗಳು ಅದಕ್ಕೆ ಅಂಟಿ ಬರುತ್ತವೆ. ಅವು ಉಳಿದರೆ ಮಷೀನೇ ಹೊಸ ಗೀರು ಹಾಕುತ್ತದೆ. ರಬ್ಬರ್ ಪಟ್ಟಿ, ಅಂಚು, ಮೂಲೆಗಳಿಗೆಲ್ಲ ಟೇಪು. ಅಂಚಿನಲ್ಲಿ ಬಣ್ಣ ತೆಳು, ಮಷೀನ್ ಒಂದು ಕ್ಷಣ ಹೆಚ್ಚು ನಿಂತರೆ ಬಿಸಿಯಾಗಿ ಸುಟ್ಟೇ ಹೋಗುತ್ತದೆ. ಮೊದಲು ಉಣ್ಣೆ ಪ್ಯಾಡಿನಲ್ಲಿ ಕಾಂಪೌಂಡ್, ನಂತರ ಫೋಮ್ ಪ್ಯಾಡಿನಲ್ಲಿ ನಯವಾದ ಪಾಲಿಶ್, ಕೊನೆಗೆ ವ್ಯಾಕ್ಸ್. ಒಂದಡಿ ಚೌಕಕ್ಕಿಂತ ಸ್ವಲ್ಪ ದೊಡ್ಡ ಜಾಗ, ಅಡ್ಡ ಉದ್ದ ನಾಲ್ಕಾರು ಸಲ, ಒರೆಸಿ ಲೈಟ್ ಹಿಡಿದು ನೋಡುವುದು, ಅಂಗೈ ಇಟ್ಟು ಬಿಸಿ ಪರೀಕ್ಷಿಸುವುದು, ಮುಂದಿನ ಜಾಗ. ಬಾನೆಟ್ಟಿಗೆ ಮಾತ್ರ ಉಣ್ಣೆ ಪ್ಯಾಡ್ ಹಚ್ಚಲೇ ಇಲ್ಲ. "ಪಾರಿವಾಳದ ಎರಡು ಕಲೆ ಉಳಿಯುತ್ತವೆ. ಅವನ್ನು ತೆಗೆಯಲು ಹೋದರೆ ಬಾನೆಟ್ ಹೋಗುತ್ತೆ. ಯಾವುದು ಬೇಕು?" ಕಲೆಯೇ ಇರಲಿ ಅಂದೆ.

ಮಧ್ಯಾಹ್ನ ಚಹಾ ಕುಡಿಯುವಾಗ, ನಮ್ಮ ಸೊಸೈಟಿಯಲ್ಲಿ ಬೆಳಿಗ್ಗೆ ಕಾರು ಒರೆಸುವ ಹುಡುಗನೇ ಇದನ್ನೆಲ್ಲ ಹಾಳು ಮಾಡಿದ್ದು, ನಾಳೆ ವಿಚಾರಿಸಿಕೊಳ್ಳುತ್ತೇನೆ ಅಂದೆ. "ಅವನಿಗೆ ಎಷ್ಟು ಬಕೆಟ್ ನೀರು ಕೊಡ್ತೀರಿ?" ಎಂದು ಉಸ್ತಾದರು ಕೇಳಿದರು. ನಾನು ಸುಮ್ಮನಾದೆ. ಹದಿನಾಲ್ಕು ಕಾರಿಗೆ ಒಂದು ಬಕೆಟ್, ಒಂದು ಬಟ್ಟೆ. ನೀರಿನ ಕೊರತೆ ಇದ್ದ ವರ್ಷ ಸೊಸೈಟಿ ಸಭೆಯಲ್ಲಿ ಆ ನಿಯಮಕ್ಕೆ ಕೈ ಎತ್ತಿದವರಲ್ಲಿ ನಾನೂ ಇದ್ದೆ. ಹದಿಮೂರು ಕಾರಿನ ಮಣ್ಣನ್ನು ಹದಿನಾಲ್ಕನೆಯದಕ್ಕೆ ಉಜ್ಜಿದರೆ ಜೇಡರ ಬಲೆಯಲ್ಲದೆ ಇನ್ನೇನು ಆಗುತ್ತದೆ?

ಭಾನುವಾರ ಮಧ್ಯಾಹ್ನ ಕಾರು ಬಿಸಿಲಿಗೆ ಬಂತು. 2011ರಲ್ಲಿ ಸಪ್ತಾಪುರದ ಅಂಗಳದಲ್ಲಿ ಹಾರ ಹಾಕಿಸಿಕೊಂಡು ನಿಂತಿದ್ದ ಅದೇ ನೀಲಿ. ಬಾಗಿಲ ಗೀರು ಮಾತ್ರ, ಸುತ್ತಲೆಲ್ಲ ಹೊಳೆಯುತ್ತಿದ್ದುದಕ್ಕೋ ಏನೋ, ಮೊದಲಿಗಿಂತ ಎದ್ದು ಕಾಣುತ್ತಿತ್ತು. ಮೂರೂವರೆ ಸಾವಿರ ಕೊಟ್ಟೆ. "ವರ್ಷ ವರ್ಷ ಬರಬೇಡಿ" ಎಂದು ಗಿರಾಕಿಗೆ ಹೇಳಿದ ಅಂಗಡಿಯವರನ್ನು ಈ ಊರಲ್ಲಿ ನಾನು ಅದೇ ಮೊದಲು ನೋಡಿದ್ದು.

ಆಪರೇಷನ್ ಚೆನ್ನಾಗಿ ಆಯಿತು. ವಾರದ ನಂತರ ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಕೆಳಗಿಳಿದು ಬಂದರು. ಕಾರಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕಿ, ಮುಂದಿನ ಬಾಗಿಲ ಹತ್ತಿರ ನಿಂತು ಗೀರಿನ ಮೇಲೆ ಬೆರಳಾಡಿಸಿದರು.

"ಇದು ಹೋಗಲಿಲ್ಲೇನು?"

"ಹೋಗಂಗಿಲ್ಲಂತ ಅಪ್ಪಾ. ಆಳ ಐತಿ."

"ಇರ್ಲಿ ಬಿಡು."

ಕೇಳಬಾರದು ಅಂದುಕೊಂಡಿದ್ದೆ, ತಡೆಯಲಾಗಲಿಲ್ಲ. "ಹಿಂದಿನ ಬಾಗಲಕ್ಕ ಯಾವಾಗ ಪೇಂಟ್ ಹೊಡಿಸಿದ್ರಿ?"

ಅಪ್ಪ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅದನ್ನೂ ಹೇಳ್ತೈತೇನು ಆ ಮಷೀನು?" ಎಂದು ನಕ್ಕರು. ಆಮೇಲೆ ಹೇಳಿದರು. ಗೇಟಿನ ಕಂಬಕ್ಕೆ ತಾಗಿಸುವುದಕ್ಕೂ ಎರಡು ವರ್ಷ ಮೊದಲು, ಮಾರ್ಕೆಟ್ಟಿನಲ್ಲಿ ನಿಂತಿದ್ದ ಟೆಂಪೊ ಕಾಣದೆ ಒರೆಸಿದ್ದರಂತೆ. ಅವ್ವನಿಗೂ ಗೊತ್ತಾಗದಂತೆ ಬಣ್ಣ ಹೊಡೆಸಿ ತಂದಿದ್ದರಂತೆ. ಅಂದರೆ ನಾಲ್ಕು ವರ್ಷದಿಂದ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ವಾರಕ್ಕೆರಡು ಸಲ ಫೋನ್ ಮಾಡುವ ನನಗೆ ಅದು ಗೊತ್ತಿರಲಿಲ್ಲ.

"ಹೇಳಿದ್ರ ನೀವು ಗಾಡಿ ಬಿಡಿಸ್ತಿದ್ರಿ" ಅಂದರು ಅಪ್ಪ.

ಸೊಸೈಟಿಯ ಮುಂದಿನ ಸಭೆಯಲ್ಲಿ ನಾನೇ ಮಾತೆತ್ತಿದೆ. ಈಗ ಹುಡುಗನಿಗೆ ನಾಲ್ಕು ಬಕೆಟ್ ನೀರು ಸಿಗುತ್ತದೆ. ನಮ್ಮ ಕಾರಿಗೆ ಬೇರೆ ಮೈಕ್ರೋಫೈಬರ್ ಬಟ್ಟೆ ಕೊಟ್ಟಿದ್ದೇನೆ. ಅಪ್ಪ ಇಲ್ಲಿದ್ದ ಒಂದು ತಿಂಗಳೂ ಬೆಳಿಗ್ಗೆ ಆರಕ್ಕೆ ಕೆಳಗಿಳಿದು, ಬಾರದ ಹಿಂದಿಯಲ್ಲಿ ಅವನಿಗೆ ಪಾಠ ಮಾಡಿದರು: "ಪೆಹಲೇ ಪಾನಿ, ಬಾದ್ ಮೇ ಬಟ್ಟೆ." ಅವನೂ ಈಗ ಬಟ್ಟೆಗೆ ಬಟ್ಟೆ ಎಂದೇ ಹೇಳುತ್ತಾನೆ.