ಓಡುವ ಹೆಣ್ಣುಮಗಳ ಮೊಣಕಾಲು

ಶರಣಧರ್ಮವು ದೇಹವನ್ನು ಹಳಿಯಲಿಲ್ಲ. ಕಾಯವು ಲಿಂಗಪೂಜೆಗೂ ಕಾಯಕಕ್ಕೂ ಆಧಾರವೆಂದು ತಿಳಿದು ಅದನ್ನು ಪವಿತ್ರವಾಗಿ ಕಂಡವರು ಹನ್ನೆರಡನೆಯ ಶತಮಾನದ ಶರಣರು. ಗಂಡಿನ ಕಾಯ ಹೆಚ್ಚು, ಹೆಣ್ಣಿನ ಕಾಯ ಕಡಿಮೆ ಎಂಬ ಭೇದವನ್ನೂ ಅವರು ಒಪ್ಪಲಿಲ್ಲ. ಆದರೂ ಅವರ ಹೆಸರು ಹೇಳುವ ನಮ್ಮ ಮನೆಗಳಲ್ಲಿ ಇಂದಿಗೂ ಎರಡು ಅಳತೆಗೋಲುಗಳಿವೆ. ಗಂಡುಮಗ ಓಡಿ ಮೊಣಕಾಲು ನೋಯಿಸಿಕೊಂಡರೆ ಎರಡು ದಿನ ಎಣ್ಣೆ ತಿಕ್ಕಿ ಮತ್ತೆ ಮೈದಾನಕ್ಕೆ ಕಳುಹಿಸುತ್ತೇವೆ. ಹೆಣ್ಣುಮಗಳಿಗೆ ಅದೇ ನೋವು ಬಂದರೆ ಓಡುವುದನ್ನೇ ಬಿಡು ಎನ್ನುತ್ತೇವೆ. ಈ ಎರಡನೆಯ ಮಾತು ಎಷ್ಟರ ಮಟ್ಟಿಗೆ ಸರಿ ಎಂಬುದು ವಿಚಾರಾರ್ಹವಾಗಿದೆ.

ನನ್ನ ಹಿರಿಯ ಅಕ್ಕನ ಮೊಮ್ಮಗಳಿಂದಾಗಿ ಈ ವಿಚಾರ ನನ್ನ ಪಾಲಿಗೆ ಬಂತು. ಪದವಿ ಮುಗಿಸಿದ ಆಕೆ ಕೇಂದ್ರದ ಸಶಸ್ತ್ರ ಪಡೆಗಳ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಿದ್ದಳು. ಆ ನೇಮಕಾತಿಯಲ್ಲಿ ಹೆಣ್ಣುಮಕ್ಕಳು 1.6 ಕಿಲೋಮೀಟರ್ ದೂರವನ್ನು ಎಂಟೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಮಳೆಯನ್ನೇ ನಂಬಿದ ನಾಲ್ಕು ಎಕರೆ ಹೊಲದ ಆ ಮನೆಗೆ ಈ ನೌಕರಿ ದೊಡ್ಡ ಆಸರೆಯಾಗುತ್ತಿತ್ತು. ವಾರಕ್ಕೆರಡು ದಿನ ಓಡುತ್ತಿದ್ದವಳು ಪರೀಕ್ಷೆ ಸಮೀಪಿಸಿತೆಂದು ಡಾಂಬರು ರಸ್ತೆಯ ಮೇಲೆ ವಾರಕ್ಕೆ ಆರು ದಿನ ಓಡತೊಡಗಿದಳು. ಮೂರನೆಯ ವಾರದಲ್ಲಿ ಎರಡೂ ಮೊಣಕಾಲ ಚಿಪ್ಪುಗಳ ಹಿಂದೆ ನೋವು ಕಾಣಿಸಿಕೊಂಡಿತು. ಮೆಟ್ಟಿಲು ಇಳಿಯುವಾಗ ನೋವು, ಕುಕ್ಕರಗಾಲಲ್ಲಿ ಕುಳಿತರೆ ನೋವು, ಬಸ್ಸಿನಲ್ಲಿ ಬಹಳ ಹೊತ್ತು ಕಾಲು ಮಡಚಿ ಕುಳಿತರೂ ನೋವು. ಲಿಂಗಪೂಜೆ ಮುಗಿಸಿ ಏಳಬೇಕಾದರೆ ಗೋಡೆ ಹಿಡಿಯುವಂತಾಯಿತು.

"ಹೆಣ್ಣು ಹುಡುಗಿ, ಓಡಿದ್ದು ಸಾಕು. ನಾಳೆ ಚಿಪ್ಪು ಸವದು ಕುಂಟಿದರ ಯಾರು ಹೊಣಿ?" ಎಂದು ನನ್ನಕ್ಕ ಹಟ ಹಿಡಿದಳು. ತಾಲೂಕು ಕೇಂದ್ರದ ವೈದ್ಯರೊಬ್ಬರು ಎಕ್ಸ್‌ರೇ ನೋಡಿ, ಎಲುಬಿನಲ್ಲಿ ಏನೂ ದೋಷವಿಲ್ಲವೆಂದರು. ಹೆಂಗಸರ ಸೊಂಟ ಅಗಲ, ಓಟ ಅವರಿಗೆ ಆಗಿಬರುವುದಿಲ್ಲ ಎಂದು ಹೇಳಿ ಒಂದು ಮುಲಾಮು ಕೊಟ್ಟು ಕಳುಹಿಸಿದರು. "ಅಜ್ಜಾ, ಇನ್ನ ಎರಡು ತಿಂಗಳು ಉಳದಾವ. ನಾ ಏನು ಮಾಡ್ಲಿ?" ಎಂದು ಹುಡುಗಿ ನನ್ನನ್ನು ಕೇಳಿದಳು.

ಮಠದ ಪಾಠಶಾಲೆಯಲ್ಲಿ ಶಾಸ್ತ್ರ ಕಲಿತವನು ನಾನು. ವೈದ್ಯ ನನ್ನ ವಿಷಯವಲ್ಲ. ಆದರೆ ಯಾವ ಸಿದ್ಧಾಂತವನ್ನಾದರೂ ಒಪ್ಪುವ ಮುನ್ನ ಪೂರ್ವಪಕ್ಷವನ್ನು ಪೂರ್ತಿ ಕೇಳಬೇಕೆಂದು ಗುರುಗಳು ನಮಗೆ ಕಲಿಸಿದ್ದರು. ಆದ್ದರಿಂದ ಆಕೆಯನ್ನು ಹುಬ್ಬಳ್ಳಿಯಲ್ಲಿ ಕ್ರೀಡಾಪಟುಗಳನ್ನು ನೋಡುವ ಫಿಜಿಯೋಥೆರಪಿ ತಜ್ಞೆಯೊಬ್ಬರ ಬಳಿಗೆ ಕರೆದೊಯ್ದೆ. ಅವರು ಹೇಳಿದ್ದನ್ನು ಕೇಳಿ, ಅವರು ಸೂಚಿಸಿದ್ದನ್ನು ಓದಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಪೂರ್ವಪಕ್ಷದಲ್ಲಿ ಸತ್ಯಾಂಶವಿದೆ. ಮೊಣಕಾಲ ಚಿಪ್ಪಿನ ಸುತ್ತಲಿನ ಈ ನೋವು ಹೆಣ್ಣುಮಕ್ಕಳಲ್ಲಿಯೇ ಹೆಚ್ಚು. ಅಮೆರಿಕದ ಅನಾಪೊಲಿಸ್‌ನಲ್ಲಿರುವ ನೌಕಾ ಅಕಾಡೆಮಿಯಲ್ಲಿ ಯುವಕರೂ ಯುವತಿಯರೂ ಒಟ್ಟಿಗೆ ತರಬೇತಿ ಪಡೆಯುತ್ತಾರೆ. ಅಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯುವತಿಯರಿಗೆ ಈ ನೋವು ಹೊಸದಾಗಿ ಬರುವ ಸಂಭವ ಯುವಕರಿಗಿಂತ 2.23 ಪಟ್ಟು ಹೆಚ್ಚೆಂದು ಕಂಡುಬಂತು.

ಇದರ ಕಾರಣ ತಿಳಿಯಬೇಕಾದರೆ ಮೊಣಕಾಲಿನ ರಚನೆಯನ್ನು ನೋಡಬೇಕು. ನಮ್ಮ ಹಳೆಯ ಬಾವಿಗಳ ರಾಟೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ತೊಡೆಯ ಮುಂಭಾಗದ ಸ್ನಾಯುಗಳು ಹಗ್ಗವಿದ್ದಂತೆ, ಚಿಪ್ಪು ರಾಟೆಯಿದ್ದಂತೆ. ತೊಡೆಯೆಲುಬಿನ ತುದಿಯಲ್ಲಿರುವ ತೋಡಿನಲ್ಲಿ ಚಿಪ್ಪು ಮೇಲೆ ಕೆಳಗೆ ಜಾರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಒಂದೇ ಕಾಲು ನೆಲ ಮುಟ್ಟುತ್ತದೆ. ಆಗ ನೆಲದಿಂದ ಬರುವ ಒತ್ತಡ ದೇಹತೂಕದ ಎರಡರಿಂದ ಮೂರು ಪಟ್ಟು. ಆ ಕ್ಷಣದಲ್ಲಿ ಸೊಂಟವನ್ನು ಸಮತೋಲದಲ್ಲಿ ಹಿಡಿಯಬೇಕಾದವು ಪೃಷ್ಠದ ಸ್ನಾಯುಗಳು. ಅವು ಸಡಿಲವಾದರೆ ಇನ್ನೊಂದು ಬದಿಯ ಸೊಂಟ ಕೆಳಗೆ ಜಗ್ಗುತ್ತದೆ, ತೊಡೆ ಒಳಮುಖವಾಗಿ ವಾಲಿ ತಿರುಗುತ್ತದೆ, ಚಿಪ್ಪಿನ ಒಂದು ಅಂಚಿಗೆ ಭಾರ ಹೆಚ್ಚುತ್ತದೆ. ಬಾವಿಯ ಕಂಬ ವಾಲಿದರೆ ಹಗ್ಗ ರಾಟೆಯ ಅಂಚಿಗೆ ತಿಕ್ಕುವುದಿಲ್ಲವೇ? ಅದೇ ನ್ಯಾಯ. ಓಡುವಾಗ ತೊಡೆಯ ಈ ಒಳವಾಲು ಸರಾಸರಿಯಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಇಷ್ಟರಿಂದಲೇ ಹೆಣ್ಣಿನ ಮೈಕಟ್ಟೇ ಓಟಕ್ಕೆ ಅನರ್ಹವೆನ್ನುವುದು ಅವಸರದ ತೀರ್ಮಾನ. ಅಗಲವಾದ ಸೊಂಟವಿದ್ದು ಯಾವ ನೋವೂ ಇಲ್ಲದೆ ಓಡುವವರು ಅಸಂಖ್ಯರಿದ್ದಾರೆ. ನಿಂತಾಗ ಸೊಂಟ-ಮೊಣಕಾಲುಗಳ ನಡುವಿನ ಕೋನವನ್ನು ಅಳೆದು ಯಾರಿಗೆ ನೋವು ಬರುತ್ತದೆಂದು ಹೇಳಲಾಗದು. ಎಲುಬಿನ ಅಗಲವನ್ನು ಬದಲಿಸಲಾಗದು, ನಿಜ. ಆದರೆ ಸ್ನಾಯುವಿನ ಬಲವನ್ನು ಬೆಳೆಸಬಹುದು, ಹೆಜ್ಜೆಯ ರೀತಿಯನ್ನು ತಿದ್ದಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಭಾರವನ್ನು ಹೊಂದಿಸಬಹುದು.

ಈ ಕೊನೆಯ ಮಾತಿಗೆ ಬಂದಾಗ ನನಗೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೆನಪಾಯಿತು. ಪತಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಂದಿನ ಅಗತ್ಯಕ್ಕೆ ಮೀರಿದ್ದು ನಮಗೆ ಸಲ್ಲದೆಂದು ಆಕೆ ಅದನ್ನು ಹಿಂದಿರುಗಿಸಿದ ಕಥೆ ನಮಗೆಲ್ಲ ಗೊತ್ತು. ಕಾಯಕ ಶ್ರೇಷ್ಠ, ಆದರೆ ಅದಕ್ಕೂ ಅಳತೆಯುಂಟೆಂದು ತೋರಿಸಿದವಳು ಆ ಶರಣೆ. ಮೊಣಕಾಲೂ ಇದೇ ಮಾತನ್ನು ಹೇಳುತ್ತದೆ. ಮೃದ್ವಸ್ಥಿ, ಸ್ನಾಯು, ಎಲುಬುಗಳೆಲ್ಲ ಭಾರಕ್ಕೆ ಹೊಂದಿಕೊಂಡು ಬಲಿಯುತ್ತವೆ. ಅದಕ್ಕೆ ಸಮಯ ಬೇಕು. ಎರಡು ದಿನದ ಓಟ ಒಮ್ಮೆಲೇ ಆರು ದಿನವಾದರೆ ಅವು ತಾಳಲಾರವು. ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ತಾಯಂದಿರು, ವರ್ಷವಿಡೀ ಹೆಚ್ಚು ನಡೆಯದೆ ಒಮ್ಮೆಲೇ ದಿನವಿಡೀ ನಡೆದು ಮೊಣಕಾಲು ಹಿಡಿದುಕೊಂಡು ಕೂರುವುದಕ್ಕೂ ಇದೇ ಕಾರಣ.

ಕೆನಡಾದ ಲಾವಾಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಪುಷ್ಟೀಕರಿಸುತ್ತದೆ. ಇಂತಹ ನೋವಿದ್ದ 69 ಓಟಗಾರರನ್ನು ಮೂರು ಗುಂಪು ಮಾಡಿ, ಎಲ್ಲರಿಗೂ ಭಾರವನ್ನು ಹೊಂದಿಸಿಕೊಳ್ಳುವ ತಿಳಿವಳಿಕೆ ಕೊಟ್ಟರು. ಒಂದು ಗುಂಪಿಗೆ ಅದರ ಜೊತೆ ವ್ಯಾಯಾಮವನ್ನೂ ಮತ್ತೊಂದಕ್ಕೆ ಓಟದ ರೀತಿಯ ತಿದ್ದುಪಡಿಯನ್ನೂ ಹೇಳಿಕೊಟ್ಟರು. ಮೂರೂ ಗುಂಪುಗಳು ಸರಿಸುಮಾರು ಒಂದೇ ರೀತಿಯಲ್ಲಿ ಚೇತರಿಸಿಕೊಂಡವು. ಅವರಾರಿಗೂ ಓಟವನ್ನು ಪೂರ್ತಿ ಬಿಡಿಸಲಿಲ್ಲ. ಅಲ್ಲಿ ಅನುಸರಿಸಿದ ನಿಯಮ ಸರಳ: ನೋವನ್ನು ಸೊನ್ನೆಯಿಂದ ಹತ್ತರವರೆಗೆ ಎಣಿಸಿದರೆ ಓಡುವಾಗ ಅದು ಎರಡನ್ನು ಮೀರಬಾರದು, ಓಟ ಮುಗಿದ ಒಂದು ಗಂಟೆಯೊಳಗೆ ಮೊದಲಿನ ಸ್ಥಿತಿಗೆ ಇಳಿಯಬೇಕು. ದೂರ ಕಡಿಮೆ, ವೇಗ ಕಡಿಮೆ, ಇಳಿಜಾರೂ ಮೆಟ್ಟಿಲೂ ಸದ್ಯಕ್ಕೆ ಬೇಡ.

ನಮ್ಮ ಹುಡುಗಿಗೂ ತಜ್ಞೆ ಇದನ್ನೇ ವಿಧಿಸಿದರು. ಜೊತೆಗೆ ವಾರಕ್ಕೆ ಮೂರು ದಿನ ಸೊಂಟ-ತೊಡೆಗಳಿಗೆ ವ್ಯಾಯಾಮ: ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದು, ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟವನ್ನು ಮೇಲೆತ್ತುವುದು, ನೋವಾಗದಷ್ಟು ಬಾಗಿ ಕುರ್ಚಿಯಿಂದ ಎದ್ದು ಕೂರುವುದು. ಹೆಜ್ಜೆಯನ್ನು ಸ್ವಲ್ಪ ಚಿಕ್ಕದಾಗಿಸಿ ಬೇಗ ಬೇಗ ಇಡಲು ಹೇಳಿದರು. ವೇಗವನ್ನು ಬದಲಿಸದೆ ಹೆಜ್ಜೆಗಳ ಸಂಖ್ಯೆಯನ್ನು ಶೇಕಡಾ 5ರಿಂದ 10ರಷ್ಟು ಹೆಚ್ಚಿಸಿದರೆ ಮೊಣಕಾಲಿನ ಹೊರೆ ಇಳಿಯುತ್ತದೆಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದ್ದಾರೆ. ನಿಮಿಷಕ್ಕೆ 160 ಹೆಜ್ಜೆ ಇಡುವವಳು 168ರಿಂದ 176 ಇಟ್ಟರೆ ಸಾಕು.

ತಜ್ಞೆ ಕೇಳಿದ ಇನ್ನೊಂದು ಪ್ರಶ್ನೆ ನಮ್ಮ ಇಡೀ ಮನೆತನಕ್ಕೆ ತಾಗುವಂಥದ್ದು. "ಓಡಿ ಬಂದ ಮೇಲೆ ಈಕೆ ಮನೆಯಲ್ಲಿ ಏನು ಮಾಡುತ್ತಾಳೆ?" ಎಂದರು. ನೀರು ಹೊರುವುದು, ಕುಕ್ಕರಗಾಲಲ್ಲಿ ಕುಳಿತು ನೆಲ ಒರೆಸುವುದು, ಪಾತ್ರೆ ತಿಕ್ಕುವುದು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವುದು. ಮೊಣಕಾಲು ಓಟದ ಭಾರವನ್ನೂ ಮನೆಗೆಲಸದ ಭಾರವನ್ನೂ ಬೇರೆ ಬೇರೆ ಲೆಕ್ಕ ಇಡುವುದಿಲ್ಲ. ಅಂದಿನಿಂದ ನೀರು ತರುವ ಕೆಲಸ ತಮ್ಮನಿಗೆ ಬಂತು. ನೆಲ ಒರೆಸಲು ಉದ್ದ ಕೋಲಿನ ಒರಸು ಬಂತು. ಓಡಿ ಬಂದ ಕೂಡಲೇ ರೊಟ್ಟಿ, ಕಾಳಿನ ಪಲ್ಯ, ಹಾಲು ಅವಳಿಗೆ ಮೊದಲು ಸಿಗತೊಡಗಿತು. ಊಟದ ಮಾತು ಸಣ್ಣದಲ್ಲ. ಶ್ರಮಕ್ಕೆ ತಕ್ಕ ಆಹಾರವಿಲ್ಲದೆ ಓಡುವ ಹುಡುಗಿಯರಲ್ಲಿ ಋತುಚಕ್ರ ಏರುಪೇರಾಗಿ ನಿಂತುಹೋಗುವುದುಂಟು. ಆಗ ಎಲುಬು ದುರ್ಬಲವಾಗಿ ಸೂಕ್ಷ್ಮವಾದ ಬಿರುಕು ಬಿಡಬಹುದು. ತಾಯಂದಿರು ಸಂಕೋಚವಿಲ್ಲದೆ ವಿಚಾರಿಸಬೇಕಾದ ಸಂಗತಿಯಿದು. ಪೂಜೆಗೆ ತಜ್ಞೆಯ ಸಲಹೆಯಂತೆ ಎತ್ತರದ ಆಸನ ಹಾಕಿಕೊಟ್ಟೆವು. ಇಷ್ಟಲಿಂಗ ಅಂಗೈಯಲ್ಲಿರುತ್ತದೆ, ಆಸನ ಎತ್ತರವಾದರೆ ಪೂಜೆಗೆ ಯಾವ ಕುಂದೂ ಇಲ್ಲ.

ಎರಡು ತಿಂಗಳಲ್ಲಿ ನೋವು ಪೂರ್ತಿ ಹೋಗಲಿಲ್ಲ, ಹಿಡಿತಕ್ಕೆ ಬಂತು. ನಿಗದಿತ ಸಮಯದೊಳಗೆ ಅವಳು ಓಟ ಮುಗಿಸಿದಳು. ಅಂತಿಮ ಪಟ್ಟಿಯಲ್ಲಿ ಮಾತ್ರ ಹೆಸರು ಬರಲಿಲ್ಲ. ಲಿಖಿತ ಪರೀಕ್ಷೆಯ ಅಂಕಗಳು ಸಾಲಲಿಲ್ಲ. ಮನೆಯವರಿಗೆಲ್ಲ ವ್ಯಥೆಯಾಯಿತು. ಆದರೆ ಮೊಣಕಾಲಿನ ಕಾರಣದಿಂದ ಅವಳು ಹಿಂದೆ ಬೀಳಲಿಲ್ಲವೆಂಬುದು ಅವಳಿಗೂ ಗೊತ್ತು, ನನ್ನಕ್ಕನಿಗೂ ಗೊತ್ತು. ಮುಂದಿನ ಸಲಕ್ಕೆ ಓದುತ್ತಿದ್ದಾಳೆ, ಓಡುತ್ತಲೂ ಇದ್ದಾಳೆ.

ಹೆಣ್ಣಿನ ದೇಹ ಓಟಕ್ಕೆ ತಕ್ಕುದಲ್ಲವೆಂಬ ತೀರ್ಪು ಬಹಳ ಹಳೆಯದು; ಅದು ನಮ್ಮಲ್ಲಿ ಮಾತ್ರ ಇದ್ದುದೂ ಅಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಡಿ ದಣಿದ ಮಹಿಳೆಯರನ್ನು ಕಂಡು ಪತ್ರಿಕೆಗಳು ಉತ್ಪ್ರೇಕ್ಷಿಸಿ ಬರೆದವು. ಮುಂದೆ 1960ರವರೆಗೆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 200 ಮೀಟರಿಗಿಂತ ಉದ್ದದ ಓಟವೇ ಇರಲಿಲ್ಲ. ಮಹಿಳೆಯರ ಮ್ಯಾರಥಾನ್ ಮೊದಲು ಸೇರಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅದನ್ನು 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದ ಅಮೆರಿಕದ ಜೋನ್ ಬೆನಾಯ್ಟ್, ಅದೇ ವರ್ಷ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ 17ನೆಯ ದಿನ ತನ್ನ ದೇಶದ ಆಯ್ಕೆಯ ಮ್ಯಾರಥಾನನ್ನೂ ಗೆದ್ದಿದ್ದಳು. ಆಕೆಯ ತೊಂದರೆ ಬೇರೆ ಬಗೆಯದು. ಅವಸರದ ಆ ಸಾಹಸ ಎಲ್ಲರಿಗೂ ಮಾದರಿಯಲ್ಲ. ಮೊಣಕಾಲು ನೊಂದಿತೆಂದರೆ ಹೆಣ್ಣಿನ ಓಟ ಮುಗಿಯಿತೆಂದಲ್ಲ ಎಂಬುದಕ್ಕೆ ಮಾತ್ರ ಇದು ಸಾಕ್ಷಿ.

ಓಡಿದರೆ ಚಿಪ್ಪು ಸವೆಯುತ್ತದೆಂಬ ಅಕ್ಕನ ಭಯಕ್ಕೂ ಉತ್ತರವಿದೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಒಂದು ವಿಮರ್ಶೆಯ ಪ್ರಕಾರ ಸೊಂಟ-ಮೊಣಕಾಲುಗಳ ಸಂಧಿಸವೆತವು ಹವ್ಯಾಸಕ್ಕಾಗಿ ಓಡುವವರಲ್ಲಿ ಶೇಕಡಾ 3.5, ಓಡದೆ ಕುಳಿತಿರುವವರಲ್ಲಿ ಶೇಕಡಾ 10.2, ಸ್ಪರ್ಧೆಗಾಗಿಯೇ ಓಡುವವರಲ್ಲಿ ಶೇಕಡಾ 13.3 ಕಂಡುಬಂದಿತ್ತು. ಇಲ್ಲಿಯೂ ಮುಖ್ಯವಾದದ್ದು ಅಳತೆಯೇ.

ಎಲ್ಲ ಮೊಣಕಾಲು ನೋವೂ ಒಂದೇ ಅಲ್ಲವೆಂಬ ಎಚ್ಚರ ಇರಲಿ. ಕೀಲು ಬಾತುಕೊಂಡರೆ, ಮಡಚಿದ ಕಾಲು ಸಿಕ್ಕಿಕೊಂಡರೆ, ನಡೆಯುವಾಗ ಕಾಲು ಕುಸಿದರೆ, ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ, ಜ್ವರ ಬಂದರೆ, ಎಲುಬಿನ ಒಂದೇ ಬಿಂದುವಿನಲ್ಲಿ ಒತ್ತಿದರೆ ನೋವಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ಒಬ್ಬಳೇ ನಡೆದುಹೋದ ಅಕ್ಕಮಹಾದೇವಿಯನ್ನು ನಾವು ಪೂಜಿಸುತ್ತೇವೆ. ಅಕ್ಕನ ಪರಂಪರೆಯ ಮನೆಗಳಲ್ಲಿ ಹೆಣ್ಣುಮಗಳೊಬ್ಬಳು ಮೊಣಕಾಲು ನೋವೆಂದಾಗ ನಮ್ಮ ಮೊದಲ ಮಾತು "ಬಿಡು" ಎಂಬುದಾಗದಿರಲಿ. ಎಷ್ಟು ಓಡಿದೆ, ಏನು ಉಂಡೆ, ಮನೆಯ ಯಾವ ಕೆಲಸವನ್ನು ನಾವು ಹಂಚಿಕೊಳ್ಳಬಹುದು ಎಂದು ಕೇಳುವ ವಿವೇಕ ನಮ್ಮ ಹಿರಿಯರಿಗೆಲ್ಲ ಬರಲಿ ಎಂದು ಪ್ರಾರ್ಥಿಸುತ್ತೇನೆ.