ಒಂದು ಅಂಕಿಯ ಅಮಾನತ್

ಬಾಲ್ಯದಲ್ಲಿ ಮಸೀದಿ, ಮದ್ರಸಗಳನ್ನು ಬಿಟ್ಟರೆ ನಾವು ಸಹೋದರರಿಬ್ಬರು ಪಾದರಕ್ಷೆ ಕಳಚಿ ಪ್ರವೇಶಿಸುತ್ತಿದ್ದ ಇನ್ನೊಂದು ಸ್ಥಳವೆಂದರೆ ಶಾಲೆಯ ಕಂಪ್ಯೂಟರ್ ಕೊಠಡಿ. ಧೂಳು ತಾಗಬಾರದೆಂದು ಆ ಯಂತ್ರಗಳಿಗೆ ಬಟ್ಟೆಯ ಹೊದಿಕೆ ಹಾಕಿರುತ್ತಿದ್ದರು. ವಾರಕ್ಕೊಂದೇ ತರಗತಿ, ಆ ದಿನಕ್ಕಾಗಿ ನಾವು ಕಾತರದಿಂದ ಕಾಯುತ್ತಿದ್ದೆವು.

ಅಲ್ಲಿ ಮೊದಲು ಕಲಿತದ್ದು 'ಲೋಗೋ'. ಪರದೆಯ ಮೇಲಿನ ಆಮೆಗೆ 'ಎಫ್‌ಡಿ 100, ಆರ್‌ಟಿ 90' ಎಂದು ನಾಲ್ಕು ಬಾರಿ ಆಜ್ಞೆ ಕೊಟ್ಟರೆ ಅದು ಚೌಕ ಎಳೆಯುತ್ತಿತ್ತು. 90ರ ಬದಲು 9 ಎಂದು ಬರೆದರೆ ಅದು ತಿದ್ದುತ್ತಿರಲಿಲ್ಲ. ನಮ್ಮ ತಪ್ಪನ್ನೇ ಗೆರೆಯಾಗಿ ಎಳೆದು ತೋರಿಸುತ್ತಿತ್ತು.

ಕಾಲೇಜಿನ ದಿನಗಳಲ್ಲಿ ಡಿಟಿಪಿ ಅಂಗಡಿಯೊಂದರಲ್ಲಿ ಪೇಜ್‌ಮೇಕರ್, ಕೋರೆಲ್‌ಡ್ರಾ, ನುಡಿ ತಂತ್ರಾಂಶಗಳನ್ನು ಕಲಿತೆವು. ನಿಕಾಹ್ ಆಮಂತ್ರಣ, ಮದ್ರಸ ವಾರ್ಷಿಕೋತ್ಸವದ ಪೋಸ್ಟರ್‌ಗಳು ನಮ್ಮ ಕೈಯಿಂದ ಹೊರಬರತೊಡಗಿದವು. ಅಂದವೇ ವಿನ್ಯಾಸವೆಂದು ನಾವು ಭಾವಿಸಿದ್ದೆವು.

ಒಂದು ವರ್ಷ ಜಮಾಅತ್‌ನವರು ರಮಝಾನ್ ವೇಳಾಪಟ್ಟಿಯ ಕೆಲಸ ಒಪ್ಪಿಸಿದರು. ಹಸಿರು ಅಂಚು, ಮೇಲೊಂದು ಮಿನಾರ, ಎಲ್ಲರೂ ಮೆಚ್ಚಿದರು. ಆದರೆ ಒಂದು ದಿನದ ಮಗ್ರಿಬ್ ಸಮಯದಲ್ಲಿ ಒಂದೇ ಒಂದು ಅಂಕಿ ತಪ್ಪಿ, ಸಮಯ ಹತ್ತು ನಿಮಿಷ ಮುಂಚಿತವಾಗಿ ಮುದ್ರಣವಾಗಿತ್ತು. ಅಝಾನ್ ಕೇಳಿಸದಷ್ಟು ದೂರದಲ್ಲಿ ವಾಸಿಸುವ ವೃದ್ಧೆಯೊಬ್ಬರು ಆ ಕಾರ್ಡ್ ನೋಡಿ, ಸೂರ್ಯಾಸ್ತಕ್ಕೆ ಮೊದಲೇ ಉಪವಾಸ ತೊರೆದರು. ಆ ಉಪವಾಸವನ್ನು ಖಝಾ ಮಾಡಬೇಕೆಂದು ಉಸ್ತಾದರು ತಿಳಿಸಿದರು. ನಾವು ಕ್ಷಮೆ ಕೇಳಲು ಅವರ ಮನೆಗೆ ಹೋದೆವು. "ಮಕ್ಕಳೇ, ಒಂದು ಉಪವಾಸ ನಾನು ಹಿಡಿಯುತ್ತೇನೆ. ಮುಂದಿನ ಕಾರ್ಡನ್ನು ನೀವು ಎರಡು ಸಲ ಓದಿ" ಎಂದಷ್ಟೇ ಹೇಳಿ ಅವರು ಚಹಾ ಕೊಟ್ಟರು.

ಆ ಮಾತು ನಮ್ಮನ್ನು ಪ್ರೋಗ್ರಾಮಿಂಗ್ ಕಡೆಗೆ ತಿರುಗಿಸಿತು. ನಮ್ಮ ಕರಾವಳಿಯಲ್ಲಿ ಸೂರ್ಯಾಸ್ತದ ಸಮಯ ದಿನದಿಂದ ದಿನಕ್ಕೆ ಒಂದು ನಿಮಿಷದಷ್ಟೂ ಬದಲಾಗುವುದಿಲ್ಲ. ಹಾಗಾದರೆ ಪಟ್ಟಿಯಲ್ಲಿ ಸತತ ಎರಡು ದಿನಗಳ ನಡುವೆ ಅದಕ್ಕಿಂತ ಹೆಚ್ಚಿನ ಅಂತರ ಕಂಡರೆ ಅಲ್ಲಿ ತಪ್ಪಿದೆ ಎಂದರ್ಥ. ಅದನ್ನು ಗುರುತಿಸುವ ಕೆಲವೇ ಸಾಲುಗಳ ಕಾರ್ಯಕ್ರಮವೇ ನಾವು ಬರೆದ ಮೊದಲ ಉಪಯುಕ್ತ ಪ್ರೋಗ್ರಾಮ್. ಇಂದು ಅದೇ ನಮ್ಮ ಜೀವನೋಪಾಯ.

ಈ ಹಾದಿ ನಮಗೆ ಪರಕೀಯವೇನಲ್ಲ ಎಂಬುದು ನಂತರ ತಿಳಿಯಿತು. 'ಅಲ್ಗಾರಿದಮ್' ಎಂಬ ಪದ ಹುಟ್ಟಿದ್ದು 9ನೇ ಶತಮಾನದ ಬಗ್ದಾದ್‌ನ ವಿದ್ವಾಂಸ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ. ಅವರ ಬೀಜಗಣಿತ ಗ್ರಂಥದ ಒಂದು ದೊಡ್ಡ ಭಾಗ ವಾರಸುದಾರರ ಪಾಲನ್ನು ಲೆಕ್ಕ ಹಾಕುವುದಕ್ಕೆ ಮೀಸಲಾಗಿದೆ. 14ನೇ ಶತಮಾನದಲ್ಲಿ ಖಗೋಳಶಾಸ್ತ್ರಜ್ಞ ಇಬ್ನುಲ್ ಶಾತಿರ್ ದಮಾಸ್ಕಸ್‌ನ ಉಮಯ್ಯಾದ್ ಮಸೀದಿಯಲ್ಲಿ ನಮಾಝ್ ಸಮಯಗಳನ್ನು ನಿರ್ಣಯಿಸುವ ಮುವಖ್ಖಿತ್ ಆಗಿದ್ದರು. ಅವರಿಗೆ ಲೆಕ್ಕವೆಂದರೆ ಇತರರ ಹಕ್ಕು, ಇತರರ ಇಬಾದತ್.

ಕಂಪ್ಯೂಟರಿನ ಮುಂದೆ ಕುಳಿತ ಮಕ್ಕಳ ಕುತೂಹಲವನ್ನು ಹೆತ್ತವರು ಗದರಿಸಿ ಅಡಗಿಸಬಾರದು. ಅದರ ಜೊತೆಗೆ ಅಮಾನತ್‌ನ ಪ್ರಜ್ಞೆಯನ್ನೂ ಬೆಳೆಸಬೇಕು. ನಾವು ಬರೆದ ಸಾಲುಗಳನ್ನು ಬಳಕೆದಾರರು ಕಾಣುವುದಿಲ್ಲ, ಅಲ್ಲಾಹನು ಕಾಣುತ್ತಾನೆ. ಈ ಅರಿವಿನಿಂದ ಮಾಡುವ ಕೆಲಸಕ್ಕೆ ಇಹ್ಸಾನ್‌ನ ಸ್ಪರ್ಶವಿರುತ್ತದೆ. ಇಂದಿಗೂ ನಾವು ಯಾವ ಕೆಲಸವನ್ನೂ ಎರಡು ಸಲ ಓದದೆ ಒಪ್ಪಿಸುವುದಿಲ್ಲ. ನಮ್ಮಿಂದಾದ ಲೋಪಗಳನ್ನು ಅಲ್ಲಾಹನು ಕ್ಷಮಿಸಲಿ, ನಮ್ಮ ಮಕ್ಕಳ ಜ್ಞಾನವನ್ನು ಜನೋಪಯೋಗಿಯಾಗಿಸಲಿ. ಆಮೀನ್.