ಹಾಳಾಗದ ಹಂಪೆ

ಕೆಲವು ವರ್ಷಗಳ ಹಿಂದೆ ನಾವು ಮೂವರು ಮಿತ್ರರು, ಹಂಪೆಗೆ ಬರುವ ಯಾತ್ರಿಕರಿಗಾಗಿ ದಾರಿಯಲ್ಲಿ ನಿಲ್ಲಿಸತಕ್ಕ ವಿವರಣ ಫಲಕಗಳ ಒಕ್ಕಣೆಯನ್ನು ಸಿದ್ಧಪಡಿಸಬೇಕೆಂದು ಸಂಕಲ್ಪಿಸಿದೆವು. ಬರೆಯುವ ಭಾರವು ನನ್ನ ಪಾಲಿಗೆ ಬಂದಿತು. ವಿರೂಪಾಕ್ಷ, ವಿಜಯವಿಠ್ಠಲ, ಹಜಾರರಾಮ ದೇವಾಲಯಗಳ ಗೋಪುರ ಕಂಬಗಳನ್ನೆಲ್ಲ ವರ್ಣಿಸಿ ಹನ್ನೆರಡು ಫಲಕಗಳನ್ನು ಬರೆದೆನು; ಬರೆದು ಹಿಗ್ಗಿದೆನೆಂಬುದನ್ನೂ ವಾಚಕರೆದುರು ಒಪ್ಪಿಕೊಳ್ಳಬೇಕು.

ಒಂದು ಮುಂಜಾನೆ ಆ ಹಾಳೆಗಳನ್ನು ಹಿಡಿದು ತುರ್ತು ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದೆನು. ಬಾಳೆಯ ತೋಟಕ್ಕೆ ನೀರು ತಿರುಗಿಸುತ್ತಿದ್ದ ವೃದ್ಧನೊಬ್ಬನು ಅವನ್ನು ನನ್ನಿಂದ ಓದಿಸಿ ಕೇಳಿದನು. ಬಳಿಕ, “ಚೆಂದ ಬರದೀರಿ, ಸಾಮಿ. ಈ ಕಾಲುವಿ ಮಾತು ಎಲ್ಲೈತ್ರಿ?” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ.

‘ಹಾಳು ಹಂಪೆ’ ಎಂಬುದು ನಮ್ಮ ವಾಡಿಕೆಯ ಮಾತು. 1565ರ ಯುದ್ಧದ ಬಳಿಕ ಪಟ್ಟಣವು ಹಾಳಾದುದು ದಿಟ. ಆದರೆ ವಿಜಯನಗರದ ಕಾಲದಲ್ಲಿ ತುಂಗಭದ್ರೆಯಿಂದ ತಿರುಗಿಸಿದ ಕಾಲುವೆಯು ಇಂದಿಗೂ ಬಾಳೆ ಭತ್ತಗಳಿಗೆ ನೀರುಣಿಸುತ್ತಿದೆ. ಹೂಳೆತ್ತಿ, ದಂಡೆ ಕಟ್ಟಿ, ನೀರು ಹಂಚಿಕೊಂಡು ಬಂದ ಕೈಗಳು ದುಡಿಯದಿದ್ದರೆ ಅದೂ ಅರಮನೆಗಳ ಹಾದಿಯನ್ನೇ ಹಿಡಿಯುತ್ತಿತ್ತು. 1986ರಲ್ಲಿ ಹಂಪೆಯ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆ ಕೀರ್ತಿಯನ್ನರಸಿ ಬರುವವರು ಕಾಣುವ ಹಸುರು, ಕೃಷಿಕರ ನಿತ್ಯದ ದುಡಿಮೆಯ ಫಲ.

ಅಮೆರಿಕದ ಫ್ರೀಮನ್ ಟಿಲ್ಡನ್ ಎಂಬವರು 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನೋಡುವವನ ಅನುಭವಕ್ಕೆ ತಾಗದ ವಿವರಣೆಯು ನಿಷ್ಫಲವೆಂದಿರುವರು. ಅವರು ಯಾತ್ರಿಕನನ್ನು ನೆನೆದು ಹೇಳಿದ ಮಾತು ಊರವನಿಗೂ ಸಲ್ಲುವುದೆಂದು ನನಗೆ ತೋರಿತು. ನನ್ನ ಫಲಕಗಳನ್ನು ಓದುವ ಆ ಊರಿನ ಬಾಲಕನು ಏನೆಂದು ತಿಳಿಯುವನು? ಚರಿತ್ರೆಯೆಂಬುದು ರಾಜರದು, ತನ್ನ ಅಜ್ಜನ ಗುದ್ದಲಿಗೆ ಅದರಲ್ಲಿ ಎಡೆಯಿಲ್ಲವೆಂದಲ್ಲವೆ? ಹಾಗೆ ತಿಳಿದು ಅವನು ಹೊಲವನ್ನು ತೊರೆದರೆ, ಕಾಲುವೆಯನ್ನು ಕಾಯುವವರಾರು?

ಆದುದರಿಂದ ಮೊದಲಿನಿಂದ ಆರಂಭಿಸಿದೆವು. ಈ ಸಲ ಊರವರೊಡನೆ ಹೊಲಗಳನ್ನು ಸುತ್ತಿ, ಅವರು ತೋರಿಸಿದುದನ್ನು ಕೇಳಿ ಬರೆದುಕೊಂಡೆವು. ಫಲಕಗಳು ಹೆಚ್ಚಿದರೆ ನೋಟವೇ ಮರೆಯಾಗುವುದೆಂದು ಏಳನ್ನು ಕೈಬಿಟ್ಟೆವು. ಉಳಿದ ಐದರಲ್ಲಿ ಮೊದಲನೆಯದನ್ನು ಕಾಲುವೆಗೆ ಮೀಸಲಿಟ್ಟು, ಹೊಸದಾಗಿ ಬರೆದೆನು.

ಅದನ್ನು ಓದಿ ಹೇಳಿದಾಗ ವೃದ್ಧನು ತಲೆದೂಗಿ, “ಕೆಳಗ ಇನ್ನೊಂದು ಮಾತು ಬರೀರಿ, ಸಾಮಿ. ಪೈರು ತುಳೀಬ್ಯಾಡ್ರಿ ಅಂತ” ಎಂದನು. ಅದನ್ನೂ ಸೇರಿಸಿದೆನು.